ಚಿತ್ರದ ಅಂಚಿನಲ್ಲಿ ನಿಂತ ರಾಜಗುರು

ಪುಣೆಯಿಂದ ನಾಸಿಕದ ಹಾದಿಯಲ್ಲಿ ಸುಮಾರು 40 ಕಿಲೋಮೀಟರ್ ಸಾಗಿದರೆ ಭೀಮಾ ನದಿಯ ದಡದಲ್ಲಿ ರಾಜಗುರುನಗರವಿದೆ. ಅದರ ಹಿಂದಿನ ಹೆಸರು ಖೇಡ್. ಇದೇ ಭೀಮೆ ಮುಂದೆ ಕನ್ನಡನಾಡಿಗೆ ಇಳಿದು ಕೃಷ್ಣೆಯನ್ನು ಕೂಡುತ್ತಾಳೆ. ಶಿವರಾಮ ಹರಿ ರಾಜಗುರು 1908ರ ಆಗಸ್ಟ್ 24ರಂದು ಜನಿಸಿದ್ದು ಈ ಊರಿನಲ್ಲಿ.

ಭಗತ್ ಸಿಂಗ್, ರಾಜಗುರು, ಸುಖದೇವ್ ಎಂಬ ಮೂರು ಹೆಸರುಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ಕಣ್ಣು ಮುಚ್ಚಿದರೆ ಮೂಡುವುದು ಒಂದೇ ಮುಖ: ಅಂಚಿನ ಟೋಪಿ, ತೆಳುಮೀಸೆ, ನೇರ ನೋಟದ ಭಗತ್ ಸಿಂಗ್. ಉಳಿದಿಬ್ಬರು ಪಟದ ಎರಡು ಬದಿಗಳಿಗೆ ಸರಿದುಬಿಡುತ್ತಾರೆ.

ರಾಜಗುರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಸಂಸ್ಕೃತಾಧ್ಯಯನಕ್ಕೆಂದು ಕಾಶಿಗೆ ಹೋದರು. ಅಲ್ಲಿ ಚಂದ್ರಶೇಖರ ಆಜಾದರ ಕ್ರಾಂತಿಕಾರಿ ಬಳಗ ಸೇರಿದರು. ಬಳಗದಲ್ಲಿ ಅವರ ಗುಪ್ತನಾಮ ರಘುನಾಥ. ಗುರಿಕಾರನೆಂಬುದು ಅವರ ಹೆಗ್ಗಳಿಕೆ.

ಲಾಲಾ ಲಜಪತರಾಯರು ಲಾಠಿ ಪ್ರಹಾರಕ್ಕೊಳಗಾಗಿ, 1928ರ ನವೆಂಬರ್ 17ರಂದು ನಿಧನರಾದರು. ಅದರ ಪ್ರತೀಕಾರಕ್ಕಾಗಿ ಡಿಸೆಂಬರ್ 17ರಂದು ಲಾಹೋರಿನಲ್ಲಿ ಪೊಲೀಸ್ ಅಧಿಕಾರಿ ಸ್ಯಾಂಡರ್ಸನ ಹತ್ಯೆ ನಡೆಯಿತು. ಗುರಿಯಾಗಿದ್ದವನು ಸ್ಕಾಟ್ ಎಂಬ ಮೇಲಧಿಕಾರಿ. ಗುರುತು ತಪ್ಪಿ ಬಲಿಯಾದವನು ಸ್ಯಾಂಡರ್ಸ್. ಮೊದಲ ಗುಂಡು ಹಾರಿಸಿದವರು ರಾಜಗುರು.

ಮುಂದಿನ ಪ್ರಸಂಗ ಮನನಯೋಗ್ಯವಾದುದು. ಲಾಹೋರಿನಿಂದ ಪಾರಾಗಲು ಭಗತ್ ಸಿಂಗ್ ಕೂದಲು ಕತ್ತರಿಸಿ, ಟೋಪಿ ಧರಿಸಿ ಸಾಹೇಬರಾದರು. ದುರ್ಗಾದೇವಿ ತಮ್ಮ ಪುಟ್ಟ ಮಗನೊಡನೆ ಅವರ ಪತ್ನಿಯಂತೆ ರೈಲು ಹತ್ತಿದರು. ರಾಜಗುರು ಅವರ ಸೇವಕನ ವೇಷ ತೊಟ್ಟರು. 1929ರ ಏಪ್ರಿಲ್ 8ರಂದು ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಬಾಂಬ್ ಎಸೆಯುವ ಮುನ್ನ ಭಗತ್ ಸಿಂಗ್ ಅಂಥದೇ ಟೋಪಿಯಲ್ಲಿ ಸ್ಟುಡಿಯೋವೊಂದರಲ್ಲಿ ಭಾವಚಿತ್ರ ತೆಗೆಸಿಕೊಂಡರು. ಅದು ಪತ್ರಿಕೆಗಳಲ್ಲಿ ಅಚ್ಚಾಗಿ, ಪಟಗಳಾಗಿ ಮನೆಮನೆಯ ಗೋಡೆ ಸೇರಿತು. ಸರ್ಕಾರ ಇಂಥ ಹಲವು ಪಟಗಳನ್ನು ನಿಷೇಧಿಸಿತಾದರೂ ಜನಮನದಿಂದ ಅಳಿಸಲಾಗಲಿಲ್ಲ. ತಪ್ಪಿಸಿಕೊಳ್ಳಲು ತೊಟ್ಟ ವೇಷವೇ ಒಬ್ಬರಿಗೆ ಶಾಶ್ವತ ರೂಪವಾಯಿತು. ಸೇವಕನ ವೇಷದವರು ನಮ್ಮ ನೆನಪಿನಲ್ಲಿಯೂ ಒಂದು ಹೆಜ್ಜೆ ಹಿಂದೆಯೇ ಉಳಿದರು.

ರಾಜಗುರು ಸೆರೆಯಾದದ್ದು ನಮ್ಮ ಈ ಪುಣೆಯಲ್ಲಿ, 1929ರ ಸೆಪ್ಟೆಂಬರ್‌ನಲ್ಲಿ. 1931ರ ಮಾರ್ಚ್ 23ರ ಸಂಜೆ ಲಾಹೋರ್ ಸೆರೆಮನೆಯಲ್ಲಿ ಮೂವರನ್ನೂ ಗಲ್ಲಿಗೇರಿಸಲಾಯಿತು. ಆಗ ರಾಜಗುರುಗಳಿಗೆ 22 ವರ್ಷ. ಹುಸೇನಿವಾಲಾ ಬಳಿ ಸಟ್ಲೆಜ್ ನದಿಯ ತಡಿಯಲ್ಲಿ ಮೂವರ ದೇಹಗಳನ್ನೂ ಸುಡಲಾಯಿತು.

ಭಗತ್ ಸಿಂಗರ ವಿಚಾರಶಕ್ತಿ, ಬರವಣಿಗೆ ಅಸಾಮಾನ್ಯವಾದುವು. ಅವರ ಕೀರ್ತಿಯನ್ನು ಕೇವಲ ಒಂದು ಟೋಪಿಗೆ ಆರೋಪಿಸುವುದು ಸಲ್ಲದು. ಚಿತ್ರಕ್ಕೆ ನಾವು ಕೃತಜ್ಞರು. ಅದಿಲ್ಲದಿದ್ದರೆ ಮೂವರೂ ಮರೆಯಾಗುತ್ತಿದ್ದರೇನೋ. ಆದರೆ ಅದು ತೋರಿಸಿದಷ್ಟೇ ಚರಿತ್ರೆಯಲ್ಲ. ಪ್ರತಿವರ್ಷ ಮಾರ್ಚ್ 23ರಂದು ಆ ಪಟಕ್ಕೆ ಹಾರ ಹಾಕುವಾಗ, ಸಂಸ್ಕೃತ ಕಲಿಯಲು ಹೋಗಿ ಗಲ್ಲುಗಂಬವೇರಿದ ಖೇಡಿನ ಹುಡುಗನ ಕಥೆಯನ್ನೂ ನಮ್ಮ ಮಕ್ಕಳಿಗೆ ಹೇಳೋಣ.