ಕೊಬ್ಬರಿಯಲ್ಲಿ ಕಾಲಜನ್ ಇದೆಯೇ? ಮೂರೆಳೆ ಹಗ್ಗದ ಗುಟ್ಟು ಬಿಡಿಸಿದ ಜಿ.ಎನ್. ರಾಮಚಂದ್ರನ್

ಕೊಬ್ಬರಿ ತಿಂದರೆ, ಎಳನೀರು ಕುಡಿದರೆ ಕಾಲಜನ್ ಸಿಗುತ್ತದೆ, ಮಂಡಿನೋವು ಮಾಯವಾಗುತ್ತದೆ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಕೇಳಲು ಹಿತವಾದ ಮಾತು. ಆದರೆ ನಿಜವಲ್ಲ. ಕಾಲಜನ್ ಪ್ರಾಣಿಗಳ ದೇಹದ ಪ್ರೊಟೀನು; ತೆಂಗಿನಲ್ಲಿ ಅದು ಇಲ್ಲ. ಅದರ ಆಕಾರವನ್ನು ಬಿಡಿಸಿ ತೋರಿಸಿದವರು ಬೆಂಗಳೂರಿನಲ್ಲಿ ಕಲಿತ ವಿಜ್ಞಾನಿ ಜಿ.ಎನ್. ರಾಮಚಂದ್ರನ್.

ಅವರು ಹುಟ್ಟಿದ್ದು 1922ರಲ್ಲಿ, ಎರ್ನಾಕುಲಂನಲ್ಲಿ. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದರು. ಸಿ.ವಿ. ರಾಮನ್ ಅವರನ್ನು ಭೌತವಿಜ್ಞಾನಕ್ಕೆ ಸೆಳೆದುಕೊಂಡರು. ಮುಂದೆ ಕೇಂಬ್ರಿಡ್ಜ್‌ನಲ್ಲಿ ಓದಿ ಬಂದು, 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಸೇರಿದರು.

ಅಲ್ಲಿ ಕಾಲಜನ್ನಿನ ಬೆನ್ನು ಹತ್ತಿದರು. ಮದ್ರಾಸಿನ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ನರದಂಥ ಗಟ್ಟಿ ನಾರು ಸಿಕ್ಕಿತು. ಅದರ ಎಕ್ಸ್‌ರೇ ಚಿತ್ರ ತೆಗೆದು, ಗೋಪಿನಾಥ್ ಕರ್ತಾ ಅವರೊಡನೆ 1954 ಮತ್ತು 1955ರಲ್ಲಿ ಉತ್ತರ ಪ್ರಕಟಿಸಿದರು: ಕಾಲಜನ್ ಎಂದರೆ ಮೂರು ಎಳೆ ಸೇರಿಸಿ ಹೊಸೆದ ಹಗ್ಗ. ನಮ್ಮ ತೆಂಗಿನ ನಾರಿನ ಹಗ್ಗದ ಹಾಗೆಯೇ, ಹೊಸೆದದ್ದರಿಂದಲೇ ಅದಕ್ಕೆ ಬಲ.

ಆ ಮಾದರಿಯಲ್ಲಿ ಪರಮಾಣುಗಳು ತೀರಾ ಒತ್ತೊತ್ತಾಗಿವೆ ಎಂದು ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ತಕರಾರು ತೆಗೆದರು. ರಾಮಚಂದ್ರನ್ ಮುನಿಸಿಕೊಂಡು ಕೂರಲಿಲ್ಲ. ಪರಮಾಣುಗಳು ಎಷ್ಟು ಹತ್ತಿರ ಬರಬಹುದು, ಪ್ರೊಟೀನಿನ ಸರಪಳಿ ಯಾವ ಯಾವ ಕೋನದಲ್ಲಿ ತಿರುಗಬಹುದು ಎಂದು ಲೆಕ್ಕ ಹಾಕಿದರು. ರಾಮಕೃಷ್ಣನ್, ಶಶಿಶೇಖರನ್ ಅವರೊಡನೆ 1963ರಲ್ಲಿ ಪ್ರಕಟಿಸಿದ ಆ ನಕ್ಷೆಯೇ ರಾಮಚಂದ್ರನ್ ನಕ್ಷೆ. ಇಂದಿಗೂ ಹೊಸ ಪ್ರೊಟೀನಿನ ಆಕಾರ ಸರಿಯೇ ಎಂದು ನೋಡಲು ಜಗತ್ತಿನೆಲ್ಲೆಡೆ ಅದನ್ನೇ ಬಳಸುತ್ತಾರೆ.

ಆಕಾರ ತಿಳಿದು ಏನು ಪ್ರಯೋಜನ? ಎಳನೀರು ಕೊಚ್ಚುವಾಗ ಮಚ್ಚು ತಾಗಿ ಬೆರಳು ಕುಯ್ದಿತು ಎನ್ನಿ. ರಕ್ತನಾಳದ ಗೋಡೆಯ ಕಾಲಜನ್ ಹೊರಗೆ ಕಾಣುತ್ತದೆ. ಪ್ರೊಟೀನುಗಳಲ್ಲಿ ತಮ್ಮದೇ ಆಕಾರ, ತಮ್ಮದೇ ಕೆಲಸ ಇರುವ ಭಾಗಗಳಿರುತ್ತವೆ. ಅವಕ್ಕೆ ಡೊಮೈನ್ ಎನ್ನುತ್ತಾರೆ. ಪ್ಲೇಟ್‌ಲೆಟ್ ಮೇಲಿರುವ ಒಂದು ಪ್ರೊಟೀನಿನ ಡೊಮೈನ್ ಆ ಮೂರೆಳೆ ಹಗ್ಗವನ್ನು ಗುರುತಿಸಿ ಹಿಡಿಯುತ್ತದೆ. ಕೂಡಲೇ ಒಳಗಡೆ ಫಾಸ್ಫೇಟಿನ ಗುರುತು ಬೀಳುತ್ತದೆ. ಸಿಕ್ ಎಂಬ ಇನ್ನೊಂದು ಪ್ರೊಟೀನು ತನ್ನ ಎಸ್‌ಎಚ್2 ಡೊಮೈನ್‌ಗಳಿಂದ ಆ ಗುರುತಿಗೆ ಅಂಟಿಕೊಂಡು ಚುರುಕಾಗುತ್ತದೆ. ಹೀಗೆ ಸುದ್ದಿ ಕೈಯಿಂದ ಕೈಗೆ ದಾಟಿ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ, ರಕ್ತ ನಿಲ್ಲಲು ಶುರುವಾಗುತ್ತದೆ. ಇದನ್ನೆಲ್ಲ ಪತ್ತೆ ಮಾಡಿದವರು ನಂತರದ ವಿಜ್ಞಾನಿಗಳು.

ಹಾಗಾದರೆ ಕಾಲಜನ್ ಪುಡಿ? ತಿಂದ ಕಾಲಜನ್ ಹಗ್ಗವಾಗಿಯೇ ಮಂಡಿಗೆ ಹೋಗಿ ಕೂರುವುದಿಲ್ಲ. ಹೊಟ್ಟೆ, ಕರುಳಿನಲ್ಲಿ ಅದು ಅಮೈನೋ ಆಮ್ಲ ಮತ್ತು ಸಣ್ಣ ಚೂರುಗಳಾಗುತ್ತದೆ. ಕಾಳು, ಬೇಳೆ, ಹಾಲು, ಮೊಟ್ಟೆಯ ಪ್ರೊಟೀನಿನಿಂದಲೂ ದೇಹ ತನ್ನ ಕಾಲಜನ್ ತಾನೇ ಹೊಸೆದುಕೊಳ್ಳುತ್ತದೆ. ಅದಕ್ಕೆ ವಿಟಮಿನ್ ಸಿ ಬೇಕು. ನೆಲ್ಲಿಕಾಯಿ, ಸೀಬೆ, ನಿಂಬೆಯಲ್ಲಿ ಅದಿದೆ. ಮಂಡಿನೋವು ಬಿಡದೆ ಕಾಡುತ್ತಿದ್ದರೆ ವೈದ್ಯರಿಗೆ ತೋರಿಸಿ.

ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲಾರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. 2001ರಲ್ಲಿ ತೀರಿಕೊಂಡರು. ನೊಬೆಲ್ ಬರಲಿಲ್ಲ. ಕೊಬ್ಬರಿಯನ್ನು ರುಚಿಗೆ ತಿನ್ನೋಣ, ಕಾಲಜನ್ ಹೆಸರಿನ ಫಾರ್ವರ್ಡ್ ಬಂದರೆ ಕಳಿಸಿದವರಿಗೆ ಇದನ್ನು ಕಳಿಸೋಣ.