ಹಳಿಯ ಮೇಲೆ ಹಡಗು: ಜೇಮ್ಸ್ ಈಡ್ಸ್ ಅವರ ಬದುಕು



ಸರಕು ತುಂಬಿದ ದೊಡ್ಡ ಹಡಗನ್ನು ಸಮುದ್ರದಿಂದ ಮೇಲೆತ್ತಿ, ರೈಲು ಹಳಿಗಳ ಮೇಲೆ ಸುಮಾರು 215 ಕಿಲೋಮೀಟರ್ ಸಾಗಿಸಿ, ಮತ್ತೊಂದು ಸಮುದ್ರಕ್ಕೆ ಇಳಿಸುವುದನ್ನು ನೀವು ಊಹಿಸಬಲ್ಲಿರಾ? 1880ರ ಸುಮಾರಿಗೆ ಅಮೆರಿಕದ ಜೇಮ್ಸ್ ಬುಕಾನನ್ ಈಡ್ಸ್ ಇಂಥದೊಂದು ಯೋಜನೆ ಹಾಕಿದರು. ಆ ರೈಲುಮಾರ್ಗ ಕೊನೆಗೂ ಆಗಲಿಲ್ಲ. ಆದರೆ ಕೇಳಿದವರು ಅದನ್ನು ಹುಚ್ಚುತನವೆಂದು ತಳ್ಳಿಹಾಕಲಿಲ್ಲ. ಏಕೆಂದು ತಿಳಿಯಬೇಕಾದರೆ ಅವರ ಬಾಲ್ಯಕ್ಕೆ ಹೋಗಬೇಕು.

ಈಡ್ಸ್ ಹುಟ್ಟಿದ್ದು 1820ರಲ್ಲಿ, ಇಂಡಿಯಾನಾ ರಾಜ್ಯದಲ್ಲಿ. 1833ರಲ್ಲಿ ಕುಟುಂಬ ಸೇಂಟ್ ಲೂಯಿಸ್ ನಗರಕ್ಕೆ ಬಂದಾಗ ಅವರಿದ್ದ ಹಬೆ ದೋಣಿಗೆ ಬೆಂಕಿ ಬಿದ್ದು ಸಾಮಾನೆಲ್ಲ ಸುಟ್ಟುಹೋಯಿತು. ಹದಿಮೂರು ವರ್ಷದ ಬಾಲಕನ ಶಾಲೆ ಅಲ್ಲಿಗೇ ನಿಂತಿತು. ಬೀದಿಯಲ್ಲಿ ಸೇಬು ಮಾರಿದ; ಆಮೇಲೆ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಆ ಅಂಗಡಿಯ ಯಜಮಾನರು ತಮ್ಮ ಮನೆಯ ಪುಸ್ತಕಗಳನ್ನು ಹುಡುಗನಿಗೆ ಓದಲು ಕೊಟ್ಟರು. ಹಗಲೆಲ್ಲ ದುಡಿದು ರಾತ್ರಿ ಓದಿದ ಆ ಪುಸ್ತಕಗಳೇ ಅವನ ಕಾಲೇಜು.

1842ರಲ್ಲಿ ಈಡ್ಸ್ ಮಿಸಿಸಿಪ್ಪಿ ನದಿಯಲ್ಲಿ ಮುಳುಗಿದ ದೋಣಿಗಳ ಸರಕನ್ನು ಮೇಲೆತ್ತುವ ಉದ್ಯೋಗ ಹಿಡಿದರು. ಗಾಳಿ ತುಂಬಿದ ಗಂಟೆಯಾಕಾರದ ಸಾಧನದೊಳಗೆ ತಾವೇ ಇಳಿದು ನದಿಯ ತಳದಲ್ಲಿ ನಡೆದರು. ಪ್ರವಾಹವು ಮರಳನ್ನು ಹೇಗೆ ಕೊಚ್ಚಿಕೊಂಡು ಹೋಗುತ್ತದೆ ಎಂಬುದನ್ನು ಪಾದಗಳಿಂದಲೇ ಕಲಿತರು.

ಈ ಅನುಭವ ಮುಂದೆ ಎರಡು ಕಡೆ ಫಲ ಕೊಟ್ಟಿತು. ಮೊದಲನೆಯದು ಸೇಂಟ್ ಲೂಯಿಸ್‌ನಲ್ಲಿ 1867ರಲ್ಲಿ ಆರಂಭವಾಗಿ 1874ರಲ್ಲಿ ಮುಗಿದ ಉಕ್ಕಿನ ಕಮಾನು ಸೇತುವೆ. ತಳದ ಮರಳು ಸರಿಯುತ್ತದೆಂದು ಬಲ್ಲ ಅವರು ಅಡಿಪಾಯವನ್ನು ಬಂಡೆಯವರೆಗೂ ಇಳಿಸಿದರು. ಆ ಆಳದ ಒತ್ತಡದ ಗಾಳಿಯಲ್ಲಿ ದುಡಿದ ಹತ್ತಕ್ಕೂ ಹೆಚ್ಚು ಕಾರ್ಮಿಕರು ಕಾಯಿಲೆ ಬಿದ್ದು ಪ್ರಾಣ ಬಿಟ್ಟರು. ಆ ಕಾಯಿಲೆಯ ಕಾರಣ ಆಗ ಸರಿಯಾಗಿ ತಿಳಿದಿರಲಿಲ್ಲ. ಸೇತುವೆಯನ್ನು ಹೊಗಳುವಾಗ ಈ ಜೀವಗಳನ್ನೂ ನೆನೆಯಬೇಕು. ಇಂದಿಗೂ ಅದರ ಮೇಲೆ ರೈಲು ಓಡುತ್ತಿದೆ.

ಎರಡನೆಯದು ನದಿ ಸಮುದ್ರ ಸೇರುವ ಬಾಯಿ. ಅಲ್ಲಿ ಹೂಳು ತುಂಬಿ ಹಡಗುಗಳು ಸಿಕ್ಕಿಕೊಳ್ಳುತ್ತಿದ್ದವು. ಎರಡು ಬದಿಗೂ ಒಡ್ಡು ಕಟ್ಟಿ ಹರಿವನ್ನು ಕಿರಿದುಗೊಳಿಸಿದರೆ ನೀರು ರಭಸವಾಗಿ ಹರಿದು ತಾನೇ ಹೂಳನ್ನು ತಳ್ಳುತ್ತದೆ ಎಂದು ಈಡ್ಸ್ ವಾದಿಸಿದರು. ಆಳ ಸಿಕ್ಕರೆ ಮಾತ್ರ ಹಣ ಎಂಬ ಕರಾರಿಗೆ ಒಪ್ಪಿ 1875ರಲ್ಲಿ ಕೆಲಸ ಹಿಡಿದು, 1879ರಲ್ಲಿ ಗೆದ್ದರು.

ಆ ದಿನಗಳಲ್ಲಿ ನ್ಯೂಯಾರ್ಕಿನ ಹಡಗು ಸ್ಯಾನ್ ಫ್ರಾನ್ಸಿಸ್ಕೊ ತಲುಪಲು ದಕ್ಷಿಣ ಅಮೆರಿಕವನ್ನೇ ಸುತ್ತಬೇಕಿತ್ತು. ಸೂಯೆಜ್ ಕಾಲುವೆಯ ಖ್ಯಾತಿಯ ಲೆಸೆಪ್ಸ್ ಪನಾಮಾದಲ್ಲಿ ಕಾಲುವೆ ತೋಡಲು ಹೊರಟರು. ಈಡ್ಸ್ ಆರಿಸಿದ್ದು ಮೆಕ್ಸಿಕೋದ ತೆಹುವಾಂಟೆಪೆಕ್ ಭೂಸಂಧಿ. ಹಡಗನ್ನು ದೊಡ್ಡ ತೊಟ್ಟಿಲಿನಂಥ ಗಾಡಿಯ ಮೇಲೆ ಕೂರಿಸಿ, ಅಕ್ಕಪಕ್ಕದ ಹಳಿಗಳ ಮೇಲೆ ಹಲವು ಎಂಜಿನ್‌ಗಳಿಂದ ಎಳೆಸುವುದು ಅವರ ಲೆಕ್ಕ. 1881ರಲ್ಲಿ ಮೆಕ್ಸಿಕೋ ಸರಕಾರ ಪರವಾನಗಿ ಕೊಟ್ಟಿತು. ಆದರೆ ಅಮೆರಿಕದ ಸಂಸತ್ತಿನ ಪೂರ್ಣ ಒಪ್ಪಿಗೆ ಅವರ ಜೀವಮಾನದಲ್ಲಿ ಸಿಗಲಿಲ್ಲ. ಹದಗೆಟ್ಟ ಆರೋಗ್ಯದಲ್ಲೂ ಅದಕ್ಕಾಗಿ ಓಡಾಡಿದ ಅವರು 1887ರ ಮಾರ್ಚ್ 8ರಂದು ಬಹಾಮಾಸ್‌ನ ನಸೌನಲ್ಲಿ ತೀರಿಕೊಂಡರು. ಯೋಜನೆಯೂ ಅವರೊಂದಿಗೇ ನಿಂತಿತು. ಲೆಸೆಪ್ಸ್ ಅವರ ಕಂಪನಿಯೂ 1889ರಲ್ಲಿ ಮುಳುಗಿತು. ಪನಾಮಾ ಕಾಲುವೆ ತೆರೆದದ್ದು 1914ರಲ್ಲಿ.

ವಿದ್ಯಾರ್ಥಿಗಳೇ, ಹಡಗಿನ ರೈಲು ಓಡುತ್ತಿತ್ತೋ ಇಲ್ಲವೋ, ಯಾರೂ ಪರೀಕ್ಷಿಸಿ ನೋಡಲಿಲ್ಲ. ಆದರೆ ಸೇಬು ಮಾರಿದ ಹುಡುಗನ ಮಾತನ್ನು ಎರಡು ದೇಶಗಳ ಸರಕಾರಗಳು ಕೂತು ಕೇಳಿದವು. ಆ ಗೌರವ ತಂದುಕೊಟ್ಟದ್ದು ಓದು ಮತ್ತು ಕೈಯಾರೆ ಮಾಡಿ ಕಲಿತ ಕೆಲಸ. ಮನೆಯ ಕಷ್ಟಕ್ಕೆ ಶಾಲೆ ಬಿಡಬೇಕಾಗಿ ಬಂದರೂ ಓದನ್ನು ಬಿಡಬೇಡಿ.

ಸಂಸ್ಥೆಯ ಸದಸ್ಯರಲ್ಲೂ ಒಂದು ವಿನಂತಿ. ಈ ಕಥೆಯಲ್ಲಿ ಅಂಗಡಿಯ ಯಜಮಾನರೊಬ್ಬರು ಇದ್ದಾರೆ. ಅವರು ಸೇತುವೆ ಕಟ್ಟಲಿಲ್ಲ, ಪುಸ್ತಕದ ಕೋಣೆಯ ಬಾಗಿಲು ತೆರೆದರು ಅಷ್ಟೇ. ನಮ್ಮ ಅಂಗಡಿ, ಗ್ಯಾರೇಜು, ಹೋಟೆಲುಗಳಲ್ಲಿ ಶಾಲೆ ಬಿಟ್ಟು ದುಡಿಯುವ ಹುಡುಗರಿಗೆ ಪುಸ್ತಕದ ಒಂದು ಕಪಾಟನ್ನು ನಾವು ತೆರೆದಿಟ್ಟಿದ್ದೇವೆಯೇ? ದಯವಿಟ್ಟು ಯೋಚಿಸಿ.