ಸಂತ ಸಿಪ್ರಿಯಾನರು ಮತ್ತು ರೋಗಶಯ್ಯೆಯ ಜ್ಞಾನಸ್ನಾನ

ಜ್ಞಾನಸ್ನಾನದ ತೊಟ್ಟಿಯ ಬಳಿ ಗುರುಗಳು ಶಿಶುವಿನ ಶಿರದ ಮೇಲೆ ಮೂರು ಬಾರಿ ನೀರೆರೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇಷ್ಟು ಅಲ್ಪ ಜಲ ಸಾಕೇ, ಇಡೀ ದೇಹವೇ ಮುಳುಗಬೇಡವೇ ಎಂಬ ಸಂದೇಹ ಹೊಸದೇನಲ್ಲ. ಮೂರನೆಯ ಶತಮಾನದಲ್ಲಿಯೇ ಇದಕ್ಕೆ ಉತ್ತರವಿತ್ತ ಮಹನೀಯರು ಕಾರ್ಥೇಜಿನ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯಾನರು.

ಉತ್ತರ ಆಫ್ರಿಕದ ಕಾರ್ಥೇಜ್ ಇಂದಿನ ಟುನೀಸಿಯ ದೇಶದಲ್ಲಿದೆ. ಅಲ್ಲಿ ಭಾಷಣಕಲೆಯ ಉಪಾಧ್ಯಾಯರಾಗಿ ಕೀರ್ತಿ ಗಳಿಸಿದ್ದ ಸಿಪ್ರಿಯಾನರು ಸುಮಾರು 246ರಲ್ಲಿ, ಪ್ರೌಢ ವಯಸ್ಸಿನಲ್ಲಿ, ಜ್ಞಾನಸ್ನಾನ ಪಡೆದು ತಮ್ಮ ಸಂಪತ್ತನ್ನು ಬಡವರಿಗಾಗಿ ಧಾರೆಯೆರೆದರು. ಕೆಲವೇ ವರ್ಷಗಳಲ್ಲಿ ಧರ್ಮಾಧ್ಯಕ್ಷರಾದರು. 252ರ ಸುಮಾರಿಗೆ ನಗರವನ್ನು ಮಹಾಮಾರಿ ಆವರಿಸಿದಾಗ, ಹಿಂಸಿಸಿದವರೆಂಬ ಭೇದವೆಣಿಸದೆ ಸರ್ವರಿಗೂ ಸೇವೆ ಸಲ್ಲಿಸುವಂತೆ ತಮ್ಮ ಜನರನ್ನು ಪ್ರೇರೇಪಿಸಿದರು.

ಆ ಕಾಲದಲ್ಲಿ ಜ್ಞಾನಸ್ನಾನಾರ್ಥಿಗಳು ನೀರಿಗಿಳಿಯುವುದು ವಾಡಿಕೆ. ಹಾಸಿಗೆ ಹಿಡಿದ ರೋಗಿಗೆ ಅದು ಸಾಧ್ಯವೆಲ್ಲಿ? ಅಂಥವರ ಮೇಲೆ ನೀರು ಸುರಿದು ಸಂಸ್ಕಾರ ನೀಡುತ್ತಿದ್ದರು. ಆದರೆ ಗುಣಮುಖರಾಗಿ ಎದ್ದು ಬಂದವರನ್ನು ಕೆಲವರು ಅರ್ಧ ಕ್ರೈಸ್ತರಂತೆ ಕಂಡು, ಹಾಸಿಗೆಯ ಹೆಸರಿಟ್ಟು ಮೂದಲಿಸುತ್ತಿದ್ದರು. ಇವರು ನಿಜವಾದ ಕ್ರೈಸ್ತರೇ ಎಂದು ಮ್ಯಾಗ್ನಸ್ ಎಂಬವನು ಸುಮಾರು 255ರಲ್ಲಿ ಪತ್ರಮುಖೇನ ಕೇಳಿದನು. ದೇಹದ ಕೊಳೆ ತೊಳೆಯಲು ಹೆಚ್ಚು ನೀರು ಬೇಕಾದೀತು, ಪಾಪದ ಕಲೆ ಹಾಗಲ್ಲ. ಅವಶ್ಯಕತೆ ಒದಗಿದಾಗ ದೇವರ ವರಪ್ರಸಾದ ಕುಂದುವುದಿಲ್ಲವೆಂದು ಸಿಪ್ರಿಯಾನರು ನಿರ್ಣಯಿಸಿದರು. ಯೆಹೆಜ್ಕೇಲ ಪ್ರವಾದಿಯು ನುಡಿದ ಶುದ್ಧೋದಕದ ಪ್ರೋಕ್ಷಣೆಯನ್ನೂ ಆಧಾರವಾಗಿ ತೋರಿದರು.

ಆದರೂ ಮತ್ತೊಂದು ವಿಷಯದಲ್ಲಿ ಈ ಮಹಾತ್ಮರು ಎಡವಿದರು. ಧರ್ಮಸಭೆಯಿಂದ ಅಗಲಿದವರು ಕೊಟ್ಟ ಜ್ಞಾನಸ್ನಾನ ಸಲ್ಲದು, ಅದನ್ನು ಪುನಃ ನೀಡಬೇಕೆಂದು ಹಟ ಹಿಡಿದರು. 256ರಲ್ಲಿ 87 ಧರ್ಮಾಧ್ಯಕ್ಷರ ಸಭೆಯೂ ಅವರನ್ನೇ ಬೆಂಬಲಿಸಿತು. ಜಗದ್ಗುರು ಸ್ತೆಫಾನರು ಒಪ್ಪಲಿಲ್ಲ. 314ರ ಆರ್ಲ್ ಸಭೆಯು ತ್ರಿತ್ವದ ನಾಮದಲ್ಲಿ ಕೊಟ್ಟ ಜ್ಞಾನಸ್ನಾನವನ್ನು ಮತ್ತೆ ಕೊಡಬಾರದೆಂದು ವಿಧಿಸಿತು. ನೀರಿನ ಪ್ರಮಾಣವು ಕೃಪೆಗೆ ಮಿತಿಯಲ್ಲವೆಂದು ಅರಿತವರಿಗೆ, ಕೊಡುವವರ ಕೊರತೆಯೂ ಮಿತಿಯಲ್ಲವೆಂಬುದು ಹೊಳೆಯಲಿಲ್ಲ.

258ನೆಯ ಸೆಪ್ಟೆಂಬರ್ 14ರಂದು, ವಲೇರಿಯನ್ ಚಕ್ರವರ್ತಿಯ ಹಿಂಸಾಕಾಲದಲ್ಲಿ, ಸಿಪ್ರಿಯಾನರು ಖಡ್ಗಕ್ಕೆ ಶಿರವೊಡ್ಡಿ ರಕ್ತಸಾಕ್ಷಿಯಾದರು. ಭಿನ್ನಾಭಿಪ್ರಾಯವನ್ನು ಮನಸ್ಸಿನಲ್ಲಿಡದ ರೋಮಿನ ಧರ್ಮಸಭೆಯು ತನ್ನ ಬಲಿಪೂಜೆಯ ಮಹಾಪ್ರಾರ್ಥನೆಯಲ್ಲಿ ಇಂದಿಗೂ ಅವರ ನಾಮವನ್ನು ಸ್ಮರಿಸುತ್ತದೆ.

ಮುಳುಗಿಸುವುದು, ನೀರೆರೆಯುವುದು, ಇವೆರಡನ್ನೂ 1983ರ ಧರ್ಮಸಭಾ ಕಾನೂನು ಅಂಗೀಕರಿಸಿದೆ. ಪ್ರಿಯ ವಿಶ್ವಾಸಿಗಳೇ, ಶಿಶುವಿನ ಪ್ರಾಣಕ್ಕೆ ಅಪಾಯವೊದಗಿ ಗುರುಗಳು ದೊರೆಯದಿದ್ದಲ್ಲಿ ಹಿಂಜರಿಯಬೇಡಿರಿ. ಧರ್ಮಸಭೆಯ ಉದ್ದೇಶವನ್ನೇ ಮನದಲ್ಲಿಟ್ಟು, ಶಿರದ ಮೇಲೆ ಶುದ್ಧ ನೀರೆರೆಯುತ್ತಾ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಜ್ಞಾನಸ್ನಾನ ಕೊಡಿರಿ. ಅಂಗೈಯಷ್ಟು ನೀರಿನಲ್ಲಿಯೂ ದೇವರ ಕೃಪೆ ಪರಿಪೂರ್ಣವಾಗಿಯೇ ಇಳಿಯುತ್ತದೆ.